ಮಳೆಗಾಲದ ನೆತ್ತಿಯ ತುರಿಕೆ: ಎಣ್ಣೆಗೆ ಮುನ್ನ ಹೊಟ್ಟನ್ನು ಗಮನಿಸಿ

ಮಳೆ ಹಿಡಿದಂದಿನಿಂದ ನೆತ್ತಿ ತುರಿಸಿ ಹೊಟ್ಟು ಉದುರುತ್ತಿದೆ, ಎಣ್ಣೆ ಹಚ್ಚಿದರೂ ಕಡಿಮೆಯಾಗಿಲ್ಲ ಎಂದು ಮಡಿಕೇರಿಯಿಂದ ಬರೆದಿದ್ದೀರಿ. ಹೊಟ್ಟು ಜಿಡ್ಡಾಗಿ, ಹಳದಿ ಛಾಯೆಯಲ್ಲಿದ್ದು, ಹುಬ್ಬಿನಲ್ಲೂ ಮೂಗಿನ ಪಕ್ಕದಲ್ಲೂ ಕೆಂಪಗಾಗಿ ಸಿಪ್ಪೆ ಏಳುತ್ತಿದ್ದರೆ ಅದು ಬಹುಮಟ್ಟಿಗೆ ಸೆಬೊರಿಕ್ ಡರ್ಮಟೈಟಿಸ್, ಅಂದರೆ ಜಿಡ್ಡು ಹೆಚ್ಚಿರುವ ಕಡೆ ಬರುವ ಚರ್ಮದ ಉರಿಯೂತ. ಚರ್ಮದ ಮೇಲೆ ಸಹಜವಾಗಿಯೇ ಇರುವ ಮಲಸೇಜಿಯಾ ಎಂಬ ಶಿಲೀಂಧ್ರವು ಜಿಡ್ಡನ್ನೇ ಆಹಾರವಾಗಿಸಿಕೊಳ್ಳುವುದರಿಂದ, ದಯವಿಟ್ಟು ಎಣ್ಣೆಯನ್ನು ಸದ್ಯಕ್ಕೆ ನಿಲ್ಲಿಸಿ. ಶಿಲೀಂಧ್ರವನ್ನು ತಡೆಯುವ 2% ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಬಾರಿ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯುತ್ತ 4 ವಾರ ನೋಡಿ. ಹೊಟ್ಟು ಬಿಳಿಯ ಪುಡಿಯಂತಿದ್ದು ಕೈಕಾಲೂ ಬಿರಿದಿದ್ದರೆ ಬರೀ ಒಣಚರ್ಮವಿರಬಹುದು, ಆದರೆ ಅದು ಕೊಡಗಿನ ಜಡಿಮಳೆಗಿಂತ ಜನವರಿಯ ಚಳಿಗೆ ಹೆಚ್ಚು ಒಪ್ಪುವ ತೊಂದರೆ. ಅಂಚು ಸ್ಪಷ್ಟವಾಗಿರುವ, ಬೆಳ್ಳಿಬಣ್ಣದ ದಪ್ಪ ಪೊರೆ ಕೂದಲಿನ ಗಡಿ ದಾಟಿದ್ದರೆ ಸೋರಿಯಾಸಿಸ್ ಎಂಬ ದೀರ್ಘಕಾಲದ ಚರ್ಮರೋಗವಿರಬಹುದು, ಮೊಣಕೈಯನ್ನೂ ನೋಡಿಕೊಳ್ಳಿ. ಮನೆಯ ಮಕ್ಕಳಲ್ಲಿ ಕೂದಲು ತುಂಡಾಗಿ ಬೋಳು ಕಲೆ ಕಂಡರೆ ಹುಳುಕಡ್ಡಿಯೆಂದು ಶಂಕಿಸಿ, ಅದಕ್ಕೆ ಶಾಂಪೂ ಸಾಲದೆ ಮಾತ್ರೆ ಬೇಕಾಗುವುದರಿಂದ, ತಡಮಾಡದೆ ಚರ್ಮವೈದ್ಯರಿಗೆ ತೋರಿಸಿ.