ಪ್ರತಿಕ್ರಿಯೆ: ಶವದ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದರೆ ಸಾಕೇ?

ಹೃದಯದ ಬಲಭಾಗದ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಬಂದಿದೆ, ಚುಚ್ಚಿದ್ದೇ ಇರಬೇಕಲ್ಲವೇ ಎಂದು ಕೇಳಿದ್ದೀರಿ. ಅಷ್ಟರಿಂದ ಹೇಳಲಾಗದು. ಸತ್ತ ಮೇಲೆ ಮೇದೋಜ್ಜೀರಕದ ಇನ್ಸುಲಿನ್ ಅತ್ತ ಸೋರುತ್ತದೆ. ತೊಡೆಯ ರಕ್ತನಾಳದ್ದೇ ಬೇಕು. ಅದರಲ್ಲೇ ಸಿ-ಪೆಪ್ಟೈಡ್ (ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹೊರಬೀಳುವ ತುಣುಕು, ಚುಚ್ಚುವ ಇನ್ಸುಲಿನ್‌ನಲ್ಲಿ ಇರದು) ಕೂಡ ಅಳೆಯಿಸಿ. ಎರಡನ್ನೂ ಮೋಲ್ ಲೆಕ್ಕಕ್ಕೆ (ಅಣುಗಳ ಎಣಿಕೆಗೆ) ತಂದಾಗ ಸಿ-ಪೆಪ್ಟೈಡ್‌ಗೆ ಇನ್ಸುಲಿನ್‌ನ ಅನುಪಾತ 1 ದಾಟಿದರೆ ಹೊರಗಿನ ಇನ್ಸುಲಿನ್‌ನ ಅನುಮಾನ ಗಟ್ಟಿ. (ಮೃತರು ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಯಾಗಿದ್ದರೆ ಇದರಿಂದಲೂ ಏನೂ ಸಾಬೀತಾಗದು.)

ಹೆಚ್ಚಾಗಿ ಕೆಡುವುದು ಮಾದರಿಯೇ. ಒಡೆದ ಕೆಂಪುಕಣಗಳ ಕಿಣ್ವ ಇನ್ಸುಲಿನ್ ಅನ್ನು ತಿಂದುಹಾಕುತ್ತದೆ. ಸೀರಂ (ರಕ್ತಕಣ ಬಿಟ್ಟುಳಿದ ತಿಳಿ ದ್ರವ) ಕೆಂಪಗಿದ್ದರೆ ಕಡಿಮೆ ಅಂಕಿಯನ್ನು ನಂಬಬೇಡಿ. ತಡಮಾಡದೆ ಸೆಂಟ್ರಿಫ್ಯೂಜ್ ಮಾಡಿ, ಸೀರಂ ಬೇರ್ಪಡಿಸಿ, ಮೈನಸ್ 20 ಡಿಗ್ರಿ ಅಥವಾ ಅದಕ್ಕೂ ಕೆಳಗಿಡಿ. ಕೆಲವು ಇಮ್ಯುನೊಅಸ್ಸೇ (ಪ್ರತಿಕಾಯ ಬಳಸಿ ಅಳೆಯುವ) ಕಿಟ್‌ಗಳಿಗೆ ರಚನೆ ಬದಲಿಸಿದ ಕೃತಕ ಇನ್ಸುಲಿನ್ (ಅನಲಾಗ್) ಕಾಣುವುದೇ ಇಲ್ಲ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಕೇಳಿ. ಸೂಜಿಯ ಗುರುತಿದ್ದರೆ ಅಲ್ಲಿನ ಚರ್ಮವನ್ನು ಕೊಬ್ಬಿನ ಸಮೇತ ಕತ್ತರಿಸಿ, ಹೋಲಿಕೆಗೆ ಬೇರೆ ಕಡೆಯದೊಂದು ತುಂಡನ್ನೂ ಕಳಿಸಿ.