ನಿಮ್ಮ ಕಥೆ ಮತ್ತು ಅದರ ಹೈಫನ್‌ಗಳು

ನಮಸ್ಕಾರ,

ನೀವು ಕಳಿಸಿದ ಇಂಗ್ಲಿಷ್ ಕಥೆ ಓದಿದೆ. ಕಥೆ ಹಿಡಿಸಿತು, ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಹೈಫನ್ ಇರಬೇಕಾದಲ್ಲಿ ಇಲ್ಲ, ಬೇಡದ ಕಡೆ ಇದೆ. ಇಷ್ಟಕ್ಕೇ ವಾಪಸ್ಸಾ ಎಂದು ನಿಮಗೆ ಬೇಸರವಾಗಬಹುದು. ಆದರೆ ಕಥೆ ಎಡವಿರುವುದೇ ಅಲ್ಲಿ.

ನಾಯಕಿಯ ತಂದೆಯನ್ನೇ ನೋಡಿ. ಮೊದಲ ಪುಟದಲ್ಲಿ ಅವನು 'ಓಲ್ಡ್ ಫರ್ನಿಚರ್ ಡೀಲರ್'. ಹಣ್ಣು ಹಣ್ಣು ಮುದುಕನೊಬ್ಬನನ್ನು ಕಲ್ಪಿಸಿಕೊಂಡು ಓದುತ್ತಾ ಹೋದೆ. ನಾಲ್ಕನೆಯ ಪುಟದಲ್ಲಿ ಅವನು ಬೀರು ಹೊತ್ತು ಮಹಡಿ ಹತ್ತುತ್ತಾನೆ! ಹಳೆಯದು ಪೀಠೋಪಕರಣ, ಅವನಲ್ಲ ಎಂದು ಆಗ ಗೊತ್ತಾಯಿತು. 'ಓಲ್ಡ್-ಫರ್ನಿಚರ್ ಡೀಲರ್' ಎಂದು ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಅವನು ನಿಜಕ್ಕೂ ಮುದುಕನಾಗಿದ್ದರೆ ಹೈಫನ್ ನೆಚ್ಚದೆ 'ಎಲ್ಡರ್ಲಿ' ಎಂದುಬಿಡುವುದೇ ಮೇಲು. ಮದುವೆಗೆ ಬಂದ 'ಥರ್ಟಿ ಆಡ್ ಗೆಸ್ಟ್ಸ್' ಕೂಡ ಹಾಗೆಯೇ: ಹೈಫನ್ ಇಲ್ಲದೆ ಅವರು ಮೂವತ್ತು ಮಂದಿ ವಿಚಿತ್ರ ಅತಿಥಿಗಳು, 'ಥರ್ಟಿ-ಆಡ್' ಆದರೆ ಮೂವತ್ತು ಚಿಲ್ಲರೆ ಜನ.

ಎರಡು ಪದ ಕೂಡಿ ಒಂದೇ ವಿಶೇಷಣವಾಗಿ ನಾಮಪದಕ್ಕಿಂತ ಮೊದಲು ಕೂತಾಗ ಯಾವುದು ಯಾವುದಕ್ಕೆ ಅಂಟಿದೆ ಎಂದು ತೋರಿಸುವುದು ಹೈಫನ್. ಅದನ್ನು ತೀರ್ಮಾನಿಸಬೇಕಾದವರು ನೀವು, ಓದುಗರಲ್ಲ.

ಅದೇ ಜೋಡಿ ನಾಮಪದದ ನಂತರ ಬಂದರೆ ಸಾಮಾನ್ಯವಾಗಿ ಹೈಫನ್ ಬೇಡ. 'ಎ ವೆಲ್-ನೋನ್ ಸಿಂಗರ್' ಸರಿ. 'ದ ಸಿಂಗರ್ ಈಸ್ ವೆಲ್ ನೋನ್' ಎನ್ನುವಲ್ಲಿ ನೀವು ಹಾಕಿರುವುದನ್ನು ತೆಗೆಯಿರಿ. 'ಫ್ರೆಶ್ಲಿ-ಪೇಂಟೆಡ್ ಡೋರ್'ನಲ್ಲೂ ತೆಗೆಯಿರಿ. 'ಲಿ'ಯಲ್ಲಿ ಮುಗಿಯುವ ಕ್ರಿಯಾವಿಶೇಷಣ ಮುಂದಿನ ಪದಕ್ಕೆ ಸೇರಿದ್ದೆಂದು ತಾನೇ ಹೇಳುತ್ತದೆ. ಆದರೆ 'ಫ್ರೆಂಡ್ಲಿ' ವಿಶೇಷಣ, ಹಾಗಾಗಿ 'ಫ್ರೆಂಡ್ಲಿ-ಲುಕಿಂಗ್ ಡಾಗ್'ಗೆ ಹೈಫನ್ ಬೇಕು. 'ಟೆನ್ ಇಯರ್ಸ್ ಓಲ್ಡ್ ಬಾಯ್' ತಪ್ಪು. 'ಟೆನ್-ಇಯರ್-ಓಲ್ಡ್ ಬಾಯ್' ಆಗಬೇಕು: ಹೈಫನ್ ಎರಡು, ಬಹುವಚನದ 'ಎಸ್' ಇಲ್ಲ.

ಈಗ ಹೈಫನ್‌ಗಳೇ ಮಾಯವಾಗುತ್ತಿವೆ ಎಂದು ಪತ್ರದಲ್ಲಿ ವಾದಿಸಿದ್ದೀರಿ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟು ಸುಮಾರು 16,000 ಪದಗಳಿಂದ ಹೈಫನ್ ತೆಗೆದದ್ದು ನಿಜ. ಆದರೆ ಆಗ 'ಬಂಬಲ್‌ಬೀ' ಒಂದೇ ಪದವಾಯಿತು, 'ಐಸ್ ಕ್ರೀಮ್' ಎರಡಾಯಿತು. ಎರಡೂ ನಾಮಪದಗಳು, ಹೇಗೆ ಬರೆದರೂ ಅರ್ಥ ಕೆಡುವುದಿಲ್ಲ. ನಿಮ್ಮ ವ್ಯಾಪಾರಿಯ ವಿಷಯ ಹಾಗಲ್ಲ. 'ಹೈ ಸ್ಕೂಲ್ ಟೀಚರ್'ನಂಥ ರೂಢಿಯ ಜೋಡಿಗಳಿಗೆ ಹೈಫನ್ ಹಾಕದಿದ್ದರೂ ನನ್ನ ತಕರಾರಿಲ್ಲ, ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ನಾಮಪದಕ್ಕಿಂತ ಮೊದಲು ಎರಡು ಮೂರು ಪದ ಸಾಲುಗಟ್ಟಿದ ಕಡೆಯೆಲ್ಲ ನಿಂತು ನೋಡಿ, ತಿದ್ದಿ ಮತ್ತೆ ಕಳಿಸಿ. ತಾಯಿ ಮಗಳ ಕೊನೆಯ ಸಂಭಾಷಣೆಯನ್ನು ಮಾತ್ರ ಮುಟ್ಟಬೇಡಿ, ಅದು ಇದ್ದ ಹಾಗೆಯೇ ಚೆನ್ನಾಗಿದೆ.

ಸಂಪಾದಕ