ಮಗು ಮಲಗಿದರೂ ನಿದ್ದೆ ಬಾರದ ಬಾಣಂತಿಗೆ

“ಅಕ್ಕ, ನನಗೆ 27 ವರ್ಷ. ಮೊದಲನೇ ಹೆರಿಗೆ, ಸಿಸೇರಿಯನ್ ಆಯಿತು. ಮಗಳಿಗೆ ಈಗ ಏಳು ವಾರ. ಅರಸೀಕೆರೆ ಹತ್ತಿರ ತವರುಮನೆಯಲ್ಲಿದ್ದೇನೆ. ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ, ಭಾನುವಾರ ಬಂದು ಹೋಗುತ್ತಾರೆ. ಅಮ್ಮ ಬಾಣಂತನದಲ್ಲಿ ಏನೂ ಕಡಿಮೆ ಮಾಡಿಲ್ಲ. ಆದರೂ ಮಗು ಮಲಗಿದಾಗಲೂ ನನಗೆ ನಿದ್ದೆ ಬರುವುದಿಲ್ಲ, ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾ ಕೂರುತ್ತೇನೆ. ಎತ್ತಿಕೊಂಡರೆ ಯಾರದೋ ಮಗು ಅನ್ನಿಸುತ್ತದೆ. ಎಳೆಬಿಸಿಲು ಕಾಯಿಸಲು ತಾರಸಿಗೆ ಹೋದಾಗ, ನಾನೇ ಕೈಬಿಟ್ಟುಬಿಟ್ಟರೆ ಅನ್ನೋ ಯೋಚನೆ ಬಂದು ಕೈಕಾಲು ನಡುಗಿತು. ಅವತ್ತಿನಿಂದ ತಾರಸಿ ಹತ್ತಿಲ್ಲ. ಒಂದೊಂದು ರಾತ್ರಿ, ಬೆಳಗ್ಗೆ ಏಳದೇ ಇದ್ದರೆ ಚೆನ್ನಾಗಿರುತ್ತದೆ ಅನ್ನಿಸುತ್ತದೆ. ಅಮ್ಮ ದೃಷ್ಟಿ ಅಂತಾರೆ. ಗಂಡನಿಗೆ ಹೇಳಿದರೆ ಹುಚ್ಚಿ ಅಂದುಕೊಂಡು ಮಗುವನ್ನು ಅತ್ತೆ ಹತ್ತಿರ ಬಿಟ್ಟುಬಿಡುತ್ತಾರೇನೋ ಅಂತ ಭಯ. ಮೂರು ತಿಂಗಳಿಗೆ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಹಗಲೆಲ್ಲ ನಾನು, ಮಗು ಇಬ್ಬರೇ. ಹೇಳಲಾ, ಸುಮ್ಮನಿರಲಾ?”

ಹೇಳು ತಂಗಿ. ಇವತ್ತೇ ಹೇಳು, ಭಾನುವಾರದವರೆಗೂ ಕಾಯಬೇಡ. ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ನಾನೂ ನೀನು ಅಂತಲೇ ಬರೆಯುತ್ತೇನೆ.

ಬೆಳಗ್ಗೆ ಏಳದೇ ಇದ್ದರೆ ಚೆನ್ನಾಗಿರುತ್ತದೆ ಅಂತ ಬರೆದೆಯಲ್ಲ, ಆ ಒಂದು ಸಾಲಿಗಾಗಿ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ನಿನಗೆ ಉತ್ತರ ಬರೆಯಲು ಕೂತಿದ್ದೇನೆ. ಆ ಯೋಚನೆ ಇವತ್ತು ರಾತ್ರಿ ಮತ್ತೆ ಬಂದರೆ, ಅಥವಾ ಏನಾದರೂ ಮಾಡಿಕೊಂಡುಬಿಡೋಣ ಅನ್ನೋವರೆಗೂ ಹೋದರೆ, ಪಕ್ಕದಲ್ಲಿ ಮಲಗಿರುವ ಅಮ್ಮನನ್ನು ಎಬ್ಬಿಸು. ಪಾಪ, ಮಲಗಿರಲಿ ಅಂದುಕೊಳ್ಳಬೇಡ. ಆಮೇಲೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾಯಿತು. ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡಕ್ಕೆ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಏಳು ವಾರದಿಂದ ನಿನ್ನ ಮೈಗೆ ಏನೇನು ಆರೈಕೆ ನಡೆದಿರುತ್ತದೆ ಅಂತ ನಾನು ಕೂತಲ್ಲೇ ಹೇಳಬಲ್ಲೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸೊಂಟಕ್ಕೆ ಹಳೇ ಸೀರೆ ಬಿಗಿದು ಕಟ್ಟುವುದು, ಹಂಡೆ ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ. (ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಲೋಟದಲ್ಲಿ ಅಳತೆ ಮಾಡಿ ಕೊಡುತ್ತಿದ್ದರೆ ಮಾತ್ರ ಕೇಳಬೇಡ, ಬಾಯಾರಿದಷ್ಟೂ ಕುಡಿ.) ಇಷ್ಟೆಲ್ಲ ಮಾಡುವ ಮನೆಯಲ್ಲಿ, ಬಂದವರೆಲ್ಲ ಮಗು ಯಾರ ಹಾಗಿದೆ, ಹಾಲು ಸಾಕಾಗುತ್ತಾ ಅಂತ ಕೇಳಿ ಹೋಗುತ್ತಾರೆ. ನಿನಗೆ ಹೇಗನ್ನಿಸುತ್ತಿದೆ ಅಂತ ಒಬ್ಬರಾದರೂ ಕೇಳಿದರಾ? ನಮ್ಮ ಬಾಣಂತನದಲ್ಲಿ ಸೊಂಟಕ್ಕೊಂದು ಶಾಸ್ತ್ರವಿದೆ, ಕಿವಿಗೊಂದು ಶಾಸ್ತ್ರವಿದೆ. ಮನಸ್ಸಿಗೆ ಇರುವುದು ಒಂದೇ ಶಾಸ್ತ್ರ, “ಬಾಣಂತಿ ಅಳಬಾರದು.”

ನನಗೂ ಅದನ್ನೇ ಹೇಳಿದ್ದರು. ಹೆರಿಗೆಯಾದ ನಾಲ್ಕನೇ ದಿನ ಸುಮ್ಸುಮ್ನೆ ಅಳು ಉಕ್ಕಿ ಬಂತು, ಅಜ್ಜಿ ಕಣ್ಣು ಹಾಳಾಗುತ್ತದೆ ಅಂತ ಗದರಿದರು, ನಾನು ಸ್ಕಾರ್ಫಿನ ತುದಿಯಲ್ಲಿ ಒರೆಸಿಕೊಂಡು ಗೋಡೆ ಕಡೆ ತಿರುಗಿದೆ. ನನ್ನದು ಹತ್ತು ದಿನಕ್ಕೆ ತಾನಾಗಿ ಹೋಯಿತು. ಅಂಥದ್ದು ಅರ್ಧಕ್ಕಿಂತ ಜಾಸ್ತಿ ತಾಯಂದಿರಿಗೆ ಬರುತ್ತದೆ, ಎರಡು ವಾರದೊಳಗೆ ಇಳಿದುಹೋಗುತ್ತದೆ, ಔಷಧಿ ಬೇಡ. ನಿನ್ನದು ಏಳು ವಾರವಾದರೂ ಇಳಿದಿಲ್ಲ. ನಾನು ಡಾಕ್ಟರಲ್ಲ, ಆದರೆ ನೀನು ಬರೆದದ್ದೆಲ್ಲ ಬಾಣಂತಿ ಖಿನ್ನತೆ ಕಡೆಗೇ ಬೆರಳು ಮಾಡುತ್ತದೆ. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವರದಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕ ಅದು, 22% ಮಂದಿಗೆ ಈ ತೊಂದರೆ ಇತ್ತು. ಅಂದರೆ ಐವರಲ್ಲಿ ಒಬ್ಬಳು. ನಿನ್ನ ಜೊತೆ ಹೆರಿಗೆ ವಾರ್ಡಿನಲ್ಲಿ ಸಾಲಾಗಿ ಮಲಗಿದ್ದವರನ್ನು ಎಣಿಸಿಕೋ.

ಈಗ ತಾರಸಿ ವಿಷಯ. ನಿನ್ನನ್ನು ಜಾಸ್ತಿ ಸುಡುತ್ತಿರುವುದು ಅದೇ, ಅಲ್ವಾ? ಮಗು ಕೈಜಾರಿದರೆ, ನಾನೇ ಏನಾದರೂ ಮಾಡಿಬಿಟ್ಟರೆ ಅನ್ನೋ ಯೋಚನೆ ಎಷ್ಟೋ ಹೊಸ ತಾಯಂದಿರಿಗೆ ಬರುತ್ತದೆ, ಬಾಯಿ ಬಿಟ್ಟು ಹೇಳುವವರು ಕಡಿಮೆ ಅಷ್ಟೆ. ಯೋಚನೆ ಬಂದ ಕೂಡಲೇ ನೀನು ನಡುಗಿದೆ, ಮಗುವನ್ನು ಅವಚಿಕೊಂಡು ಕೆಳಗಿಳಿದೆ, ಮತ್ತೆ ಹತ್ತಲಿಲ್ಲ. ಅದು ಭಯ, ಆಸೆಯಲ್ಲ. ಯಾರದೋ ಮಗು ಅನ್ನಿಸುತ್ತದೆ ಅಂತೀಯ, ಆದರೆ ರಾತ್ರಿಯೆಲ್ಲ ಅದರ ಮೂಗಿನ ಹತ್ತಿರ ಇರುವುದು ನಿನ್ನ ಬೆರಳೇ.

ನಮ್ಮೂರಲ್ಲಿ ಪಿಸುಮಾತಿನಲ್ಲಿ ಬಾಣಂತಿ ಸನ್ನಿ ಅನ್ನುತ್ತಿದ್ದರು. ಅದು ಬೇರೆ. ಸಾವಿರಕ್ಕೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ. ನಿದ್ದೆಯೇ ಬೇಕೆನ್ನಿಸುವುದಿಲ್ಲ, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ, ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತದೆ, ಮಗುವನ್ನು ಬದಲಾಯಿಸಿದ್ದಾರೆ ಅಂತ ಗಟ್ಟಿಯಾಗಿ ನಂಬುತ್ತಾರೆ. ಇಂಥದ್ದು ಕಂಡರೆ ಮಂತ್ರವಾದಿ ಅಲ್ಲ, ಅದೇ ಗಳಿಗೆಯಲ್ಲಿ ಆಸ್ಪತ್ರೆ. ನಿನ್ನ ಪತ್ರದಲ್ಲಿ ಅದು ಯಾವುದೂ ನನಗೆ ಕಾಣಲಿಲ್ಲ. ಆದರೂ ಡಾಕ್ಟರು ನೋಡಿ ಹೇಳಬೇಕು. ಅಲ್ಲಿಯವರೆಗೆ ನಿನ್ನ ಹತ್ತಿರ ಯಾರಾದರೂ ಒಬ್ಬರು ಇರಲಿ, ಮಗು ಜೊತೆ ಒಂಟಿಯಾಗಿ ಇರಬೇಡ.

ದೃಷ್ಟಿ ವಿಷಯಕ್ಕೆ ಅಮ್ಮನ ಜೊತೆ ಜಗಳ ಬೇಡ. ಉಪ್ಪು ಮೆಣಸಿನಕಾಯಿ ನಿವಾಳಿಸಲಿ ಬಿಡು. ನಿವಾಳಿಸಿ ಒಲೆಗೆ ಹಾಕಿ ಕೈತೊಳೆದ ಮೇಲೆ, “ಇದೂ ಆಯಿತಲ್ಲಮ್ಮ, ನಾಳೆ ಆಸ್ಪತ್ರೆಗೂ ಹೋಗಿ ಬರೋಣ” ಅನ್ನು. ಅಮ್ಮಂದಿರು ಹೀಗೆ ಕೇಳಿದರೆ ಒಪ್ಪುತ್ತಾರೆ, ನಿನಗೇನು ಗೊತ್ತು ಅಂದರೆ ಒಪ್ಪುವುದಿಲ್ಲ.

ಎಲ್ಲಿಗೆ ಹೋಗುವುದು? ಮನೋಚೈತನ್ಯ ಅಂತ ರಾಜ್ಯದ ಕಾರ್ಯಕ್ರಮವೊಂದಿದೆ, ಅದರಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳು. ಈ ವಾರ ಬರುವುದಿಲ್ಲ ಅಂದರೆ ಕಾಯಬೇಡ, ಹಾಸನದ ಸರ್ಕಾರಿ ಆಸ್ಪತ್ರೆಗೆ ಹೋಗು. ಹತ್ತು ಪ್ರಶ್ನೆ ಕೇಳಬಹುದು, ಕಳೆದ ಏಳು ದಿನ ಹೇಗಿದ್ದೆ ಅಂತ. ನಗು ಬಂತಾ, ವಿನಾಕಾರಣ ಗಾಬರಿಯಾಯಿತಾ, ಇಂಥವು. ಹತ್ತನೇ ಪ್ರಶ್ನೆ ಜೀವ ತೆಗೆದುಕೊಳ್ಳುವ ಯೋಚನೆ ಬಗ್ಗೆ. ಅಲ್ಲಿ ಸುಳ್ಳು ಹೇಳಬೇಡ. ರಕ್ತ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೋ. ಹೆರಿಗೆ ಆದಮೇಲೆ ಥೈರಾಯ್ಡ್ ಏರುಪೇರಾದರೆ, ರಕ್ತ ಕಡಿಮೆಯಾದರೆ, ಮನಸ್ಸು ಹೀಗೇ ಕುಸಿಯಬಹುದು.

ಮಾತ್ರೆ ತಗೊಂಡರೆ ಹಾಲು ಬಿಡಿಸಬೇಕಾ ಅನ್ನೋದು ಮುಂದಿನ ಭಯ, ನೀನು ಬರೆಯದಿದ್ದರೂ ಗೊತ್ತು. ಸಾಮಾನ್ಯವಾಗಿ ಬೇಕಿಲ್ಲ. ಸರ್ಟ್ರಾಲಿನ್‌ನಂಥ ಮಾತ್ರೆ ಹಾಲಿಗೆ ಇಳಿಯುವುದು ತುಂಬಾ ಕಡಿಮೆ, ಹಾಲೂಡಿಸುವ ತಾಯಂದಿರಿಗೆ ಡಾಕ್ಟರು ಕೊಡುತ್ತಾರೆ. ಮಾತ್ರೆ ಬೇಕಾ, ಮಾತಾಡುವ ಚಿಕಿತ್ಸೆಯಷ್ಟೇ ಸಾಕಾ ಅನ್ನೋದನ್ನು ಅವರೇ ಹೇಳಲಿ, ಮೆಡಿಕಲ್ ಶಾಪಿನವನಲ್ಲ.

ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನೋ ಭಯಕ್ಕೆ ಎರಡು ಮಾತು. ಆಸ್ಪತ್ರೆ ಸೇರಬೇಕಾಗಿ ಬಂದರೂ, ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಂತೂ 2009ರಿಂದ ತಾಯಿ ಮಗು ಒಟ್ಟಿಗೇ ಇರುವ ವಾರ್ಡ್ ಇದೆ. ದೇಶದಲ್ಲೇ ಮೊದಲನೆಯದು.

ಗಂಡನಿಗೆ ಹೇಳುವಾಗ “ಬೇಜಾರಾಗುತ್ತಿದೆ” ಅನ್ನಬೇಡ. ಬೇಜಾರು ಅಂದರೆ ಮೊಬೈಲಲ್ಲಿ ಸಿನಿಮಾ ನೋಡು ಅಂತಾರೆ. ಹೀಗೆ ಹೇಳು: “ಏಳು ವಾರದಿಂದ ನಿದ್ದೆಯಿಲ್ಲ. ಬದುಕೋದು ಬೇಡ ಅನ್ನಿಸುತ್ತಿದೆ. ಇದು ಕಾಯಿಲೆ, ವಾಸಿಯಾಗುತ್ತದೆ. ರಜಾ ಹಾಕಿ ಬನ್ನಿ, ಆಸ್ಪತ್ರೆಗೆ ಹೋಗಬೇಕು.” ಬಾಯಿ ಬರದಿದ್ದರೆ ಈ ಬರಹವನ್ನೇ ವಾಟ್ಸಾಪಿನಲ್ಲಿ ಕಳಿಸು.

ಮುಂದಿನ ನಾಲ್ಕು ಸಾಲು ಅವನಿಗೆ. ತಮ್ಮಾ, ಎಲ್ಲ ಹೆಂಗಸರೂ ಹೆರುತ್ತಾರೆ, ನಿನಗೊಬ್ಬಳಿಗೇ ಏನು ಅಂತ ಮಾತ್ರ ಅನ್ನಬೇಡ. ಡಾಕ್ಟರ ಹತ್ತಿರ ಅವಳು ಮಾತಾಡುವಾಗ ಮಗುವನ್ನು ಎತ್ತಿಕೊಂಡು ಹೊರಗೆ ಓಡಾಡು. ರಾತ್ರಿ ಒಂಬತ್ತಕ್ಕೆ ಹಾಲೂಡಿಸಿದ ಮೇಲೆ ಅವಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಎರಡು ಗಂಟೆವರೆಗೆ ಮಗುವನ್ನು ನೀನೋ ಅತ್ತೆಯೋ ನೋಡಿಕೊಳ್ಳಿ. ನಡುವೆ ಎದ್ದರೆ ತೆಗೆದಿಟ್ಟ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿದರಾಯಿತು. ಆ ಐದು ಗಂಟೆ ಅವಳನ್ನು ಯಾರೂ ಎಬ್ಬಿಸಬಾರದು.

ಇನ್ನು ತಂಗಿ, ಮೂರು ತಿಂಗಳಿಗೇ ಹೊರಡಬೇಕು ಅಂತ ಪಂಚಾಂಗದಲ್ಲಿ ಬರೆದಿಲ್ಲ. ಮೂರಕ್ಕಾಗದಿದ್ದರೆ ಐದಕ್ಕೆ ಹೋಗು, ಬೆಸ ತಿಂಗಳೇ ಆಯಿತು, ಅತ್ತೆಯೂ ಏನೂ ಅನ್ನುವುದಿಲ್ಲ. ಹೋಗುವಾಗ ಅಮ್ಮನೋ ಅತ್ತೆಯೋ ಒಬ್ಬರು ಜೊತೆಗಿರಲಿ. ಡಾಕ್ಟರನ್ನು ಕಂಡು ಬಂದ ಮೇಲೆ ನನಗೆ ಎರಡು ಸಾಲು ಬರಿ. ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಅನ್ನೋದನ್ನೂ ಬರಿ.